ನಾಯಿಗೆ ಒಂದೇ ಮಾತು

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ದುಡಿಮೆಗಾಗಿ ಬಂದು ನೆಲೆಸಿದವರ ಹಲವು ನುಡಿಗಳು ಅಲ್ಲಿ ಇಂದಿಗೂ ಕೇಳಿಬರುತ್ತವೆ. ಅಂತಹ ಊರಿನ ಒಂದು ಮನೆಯಲ್ಲಿ ಅಜ್ಜಿ ತಮಿಳಿನಲ್ಲಿ ‘ಉಕ್ಕಾರು’ ಎಂದೂ, ತಂದೆ ‘ಕೂರು’ ಎಂದೂ, ಮಗ ‘ಸಿಟ್’ ಎಂದೂ ಆಜ್ಞಾಪಿಸಿದರೆ ಸಾಕುನಾಯಿಯು ಯಾವುದನ್ನು ಕಲಿಯಬೇಕು? ಒಂದು ಧ್ವನಿಗೂ ಅದರ ಫಲಕ್ಕೂ ಇರುವ ಸಂಬಂಧವನ್ನು ನಾಯಿಯು ಅಭ್ಯಾಸದಿಂದ ಅರಿಯುತ್ತದೆ. ಆದ್ದರಿಂದ ಮನೆಯವರೆಲ್ಲರೂ ಒಂದೇ ಪದವನ್ನು ಬಳಸಬೇಕು.

‘ಕೂರು’ ಎಂದು ನುಡಿದು, ತಿನಿಸನ್ನು ಮೂಗಿನ ಬಳಿಯಿಂದ ತಲೆಯ ಮೇಲಕ್ಕೆ ಒಯ್ದರೆ ನಾಯಿಯು ಸಾಮಾನ್ಯವಾಗಿ ತಾನೇ ಕೂರುತ್ತದೆ. ಕುಳಿತ ಕ್ಷಣವೇ ತಿನಿಸನ್ನು ಕೊಡಬೇಕು. ಹೊಡೆತದಿಂದ ಭಯ ಹುಟ್ಟುವುದೇ ಹೊರತು ವಿಶ್ವಾಸ ಹುಟ್ಟದು.

‘ನಿಲ್ಲು’ ಎಂಬುದನ್ನೂ ಹೀಗೆಯೇ ತಾಳ್ಮೆಯಿಂದ ಕಲಿಸಬೇಕು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಸಮೀಪಿಸಿದಾಗ, ಹಳಿಯತ್ತ ಓಡುವ ನಾಯಿಯ ಪ್ರಾಣವನ್ನು ಉಳಿಸಬಲ್ಲುದು ಆ ಒಂದೇ ಮಾತು.