ಖುಷ್ಕಿ ಕಡಲೆಯ ಪೈರಿಗೆ ರಸಗೊಬ್ಬರ

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಜಿಲ್ಲೆಗಳ ಎರೆಭೂಮಿಗಳಲ್ಲಿ ಕಡಲೆಯು ಹಿಂಗಾರಿಯ ಮುಖ್ಯವಾದ ಪೈರುಗಳಲ್ಲೊಂದು. ಮಳೆಗಾಲವು ಮುಗಿಯುತ್ತ ಬಂದಾಗ ಬಿತ್ತಲ್ಪಡುವ ಈ ಪೈರು ಭೂಮಿಯಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯತಕ್ಕದ್ದು. ಪೈರು ಮಂಕಾಗಿ ಕಂಡೊಡನೆ ಕೆಲವು ರೈತರು ಯೂರಿಯಾವನ್ನು ಒಣನೆಲದ ಮೇಲೆ ಎರಚುವುದುಂಟು. ಇದರಿಂದ ಹಣವು ವ್ಯಯವಾಗುವುದೇ ಹೊರತು ಫಸಲು ಹೆಚ್ಚುವುದು ಅಪರೂಪ. ಇದಕ್ಕೆ ಕಾರಣವನ್ನು ಪೈರಿನ ಬೇರಿನಲ್ಲಿ ಹುಡುಕಬೇಕು.

ಕಡಲೆಯ ಕಾಳಿನಲ್ಲಿ ನೂರಕ್ಕೆ ಸುಮಾರು 20 ಭಾಗ ಸಸಾರಜನಕ, ಅಂದರೆ ದೇಹಪುಷ್ಟಿಯನ್ನುಂಟುಮಾಡುವ ಪ್ರೋಟೀನು ಇರುತ್ತದೆ. ಎಕರೆಗೆ 4 ಕ್ವಿಂಟಾಲು ಕಾಳು ಬಂದರೆ ಅದರಲ್ಲಿ 80 ಕಿಲೋ ಸಸಾರಜನಕವೂ, ಅದಕ್ಕೆ ಮೂಲವಾದ ಸಾರಜನಕವು ಸುಮಾರು 13 ಕಿಲೋವೂ ಇರುತ್ತವೆ. ಎಕರೆಗೆ ಹಾಕುವ 40 ಕಿಲೋ ಡಿ.ಎ.ಪಿ. ಗೊಬ್ಬರದಲ್ಲಿ ಸಾರಜನಕವು 7 ಕಿಲೋ ಮಾತ್ರ. ಉಳಿದುದರಲ್ಲಿ ಹೆಚ್ಚಿನ ಪಾಲನ್ನು ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಿಂದ ಹೀರಿ ಒದಗಿಸುತ್ತವೆ. ದ್ವಿದಳ ಸಸ್ಯಗಳ ಈ ಗುಣವನ್ನು ಜರ್ಮನಿಯ ಹೆಲ್‌ರೀಗೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಪಡಿಸಿದರು.

ಆದುದರಿಂದ ಗೊಬ್ಬರವು ಮೊದಲು ಈ ಗಂಟುಗಳಿಗೆ ನೆರವಾಗಬೇಕು. ಅವುಗಳ ಕೆಲಸಕ್ಕೆ ರಂಜಕವು ಅತ್ಯಗತ್ಯ. ಸಾರಜನಕವು ಎಳೆಯ ಸಸಿಗೆ ಆಸರೆಯಾಗುವಷ್ಟು ಸಾಕು. ಅತಿಯಾದರೆ ಗಂಟುಗಳು ಸರಿಯಾಗಿ ಬೆಳೆಯವು. ರಂಜಕವು ಮಣ್ಣಿನಲ್ಲಿ ಹಾಕಿದ ಸ್ಥಳದಿಂದ ಬಹಳ ದೂರ ಚಲಿಸದು. ಸುಣ್ಣವುಳ್ಳ ಎರೆಮಣ್ಣಿನಲ್ಲಿ ಬಹುಭಾಗವು ಕಟ್ಟಿಹೋಗುತ್ತದೆ. ಮೇಲ್ಮಣ್ಣು ಒಣಗಿದ ಬಳಿಕ ಅಲ್ಲಿರುವ ಗೊಬ್ಬರವು ಬೇರಿಗೆ ದೊರೆಯದು. ಎರಚಿದ ಯೂರಿಯಾದ ಒಂದು ಪಾಲು ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ.

ಬಿತ್ತನೆಯ ಕಾಲದಲ್ಲಿಯೇ ಕೂರಿಗೆಯಿಂದ ಗೊಬ್ಬರವನ್ನು ಬೀಜಕ್ಕಿಂತ ಎರಡು ಅಂಗುಲ ಕೆಳಗೆ, ತೇವವಿರುವ ಪದರದಲ್ಲಿ ಬೀಳಿಸತಕ್ಕದ್ದು. ಮಣ್ಣಿನ ಪರೀಕ್ಷೆಯಾಗಿದ್ದಲ್ಲಿ ಅದರ ಫಲಿತಾಂಶದಂತೆ ಪ್ರಮಾಣವನ್ನು ಗೊತ್ತುಮಾಡಬೇಕು. ಡಿ.ಎ.ಪಿ.ಗೆ ಬದಲಾಗಿ 115 ಕಿಲೋ ಸೂಪರ್‌ಫಾಸ್ಫೇಟು ಮತ್ತು 16 ಕಿಲೋ ಯೂರಿಯಾ ಹಾಕಿದರೆ, ಅಷ್ಟೇ ಪೋಷಕಾಂಶಗಳೊಡನೆ ಗಂಧಕವೂ ದೊರೆಯುತ್ತದೆ. ಗಂಧಕದ ಕೊರತೆಯಿರುವ ಭೂಮಿಯಲ್ಲಿ ಕಾಳಿನ ಸಸಾರಜನಕವು ಕುಗ್ಗುವುದರಿಂದ ಇದು ಮೇಲಾದುದು. ಬೀಜಕ್ಕೆ ಕಡಲೆಗೆಂದೇ ತಯಾರಿಸಿದ ರೈಜೋಬಿಯಂ ಅಣುಜೀವಿ ಗೊಬ್ಬರವನ್ನು ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು.

ಬಿತ್ತಿದ 40 ದಿವಸಗಳ ತರುವಾಯ ನಾಲ್ಕಾರು ಗಿಡಗಳನ್ನು ಗುದ್ದಲಿಯಿಂದ ಅಗೆದು ಗಂಟುಗಳನ್ನು ಸೀಳಿ ನೋಡಬಹುದು. ಒಳಭಾಗವು ನಸುಗೆಂಪಾಗಿದ್ದರೆ ಅವು ಕೆಲಸಮಾಡುತ್ತಿವೆಯೆಂದೂ, ಬೂದಿಬಣ್ಣ ಅಥವಾ ಹಸುರಾಗಿದ್ದರೆ ನಿರರ್ಥಕವೆಂದೂ ತಿಳಿಯತಕ್ಕದ್ದು. ಕಾಯಿ ಬಲಿಯತೊಡಗಿದಾಗ ಗಂಟುಗಳ ಶಕ್ತಿಯು ಕುಂದುತ್ತದೆ. ಆದಕಾರಣ ಹೂ ಮುಗಿದು ಕಾಯಿ ಕಟ್ಟುವ ಸಮಯದಲ್ಲಿ 100 ಲೀಟರು ನೀರಿಗೆ 2 ಕಿಲೋ ಯೂರಿಯಾ ಕರಗಿಸಿ ಸಂಜೆಯ ವೇಳೆ ಎಲೆಗಳಿಗೆ ಸಿಂಪಡಿಸಿದರೆ ಕಾಳು ತುಂಬುವುದಕ್ಕೆ ಸಹಾಯವಾಗುತ್ತದೆ.

ಗ್ರಾಮದ ಮುಖಂಡರೂ ಜಮೀನುದಾರರೂ ಒಂದೇ ಹೊಲದಲ್ಲಿ, ಒಂದೇ ಬೀಜದಿಂದ, ಅರ್ಧ ಎಕರೆಗೆ ಈ ಕ್ರಮವನ್ನೂ ಅರ್ಧ ಎಕರೆಗೆ ಹಳೆಯ ವಾಡಿಕೆಯನ್ನೂ ಅನುಸರಿಸಿ, ರಾಶಿಗಳನ್ನು ಬೇರೆಬೇರೆಯಾಗಿ ತೂಗಿಸಬೇಕು. ಗೊಬ್ಬರಕ್ಕಾಗಿ ಸಾಲಮಾಡುವ ಬಡರೈತನಿಗೆ ಆ ತಕ್ಕಡಿಯೇ ಎಲ್ಲ ಉಪದೇಶಕ್ಕಿಂತ ಮೇಲಾದ ಸಾಕ್ಷಿಯಾಗುವುದು.