ಕಾವಲಿರಲಿ, ಕಳ್ಳನೋಟ ಬೇಡ

ಮಕ್ಕಳು ಓದಲೆಂದು ಹಳ್ಳಿಯಿಂದ ಪಟ್ಟಣದ ಬಂಧುಗಳ ಮನೆಗೆ ಬಂದು ನಿಲ್ಲುವುದು ನಮ್ಮ ಸೀಮೆಯಲ್ಲಿ ಹಿಂದಿನಿಂದಲೂ ನಡೆದು ಬಂದ ರೂಢಿ. ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಮನೆಗೂ ಸಿರುಗುಪ್ಪದ ಕಡೆಯ ಭತ್ತದ ನಾಡಿನಿಂದ ತಂಗಿಯ ಮಗ ಪಿ.ಯು.ಸಿ. ವ್ಯಾಸಂಗಕ್ಕಾಗಿ ಬಂದನು. ಇಂತಹ ಮಕ್ಕಳ ಹೊಣೆ ಹೊತ್ತವರು ಹಿಂದೆ ಊಟ, ಶುಲ್ಕ, ಸಹವಾಸ ಈ ಮೂರನ್ನು ನೋಡಿಕೊಂಡರೆ ಸಾಕಾಗುತ್ತಿತ್ತು. ಸಹವಾಸವು ಬೀದಿಯ ಬಾಗಿಲಿನಿಂದಲೇ ಬರುತ್ತಿದ್ದುದರಿಂದ, ಬಂದವರಾರು ಹೋದವರಾರು ಎಂಬುದು ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ತಿಳಿಯುತ್ತಿತ್ತು. ಈಗ ಅದು ಕಂಪ್ಯೂಟರಿನ ತೆರೆಯ ಮೂಲಕ ನೇರವಾಗಿ ಕೋಣೆಯೊಳಗೇ ಬರುತ್ತದೆ.

ಪಾಠಕ್ಕೆಂದೇ ಅವನಿಗೆ ಕಂಪ್ಯೂಟರು ಕೊಡಿಸಿದೆವು. ಕೆಲವೇ ತಿಂಗಳುಗಳಲ್ಲಿ ಅವನ ಕೋಣೆಯ ಬಾಗಿಲ ಸಂದಿನಲ್ಲಿ ರಾತ್ರಿ ಒಂದು ಗಂಟೆಗೂ ಬೆಳಕು ಕಾಣತೊಡಗಿತು. ಬೆಳಗಿನ ಪೂಜೆಯ ವೇಳೆಗೆ ಏಳುತ್ತಿದ್ದವನು ಏಳದಾದನು. ಕಿರುಪರೀಕ್ಷೆಯ ಅಂಕಗಳು ಕುಸಿದವು. “ಅಣ್ಣಾ, ಇವನು ಇನ್ನು ನಿನ್ನ ಮಗ” ಎಂದು ಒಪ್ಪಿಸಿ ಹೋಗಿದ್ದ ತಂಗಿಗೆ ಏನೆಂದು ಉತ್ತರ ಹೇಳುವುದು? ಆ ಆತಂಕದಲ್ಲಿ ನಾವೊಂದು ತಪ್ಪು ಮಾಡಿದೆವು. ಅವನು ಬರೆದುದೆಲ್ಲವನ್ನೂ ಗುಟ್ಟಾಗಿ ದಾಖಲಿಸುವ ತಂತ್ರಾಂಶವೊಂದನ್ನು ಹಾಕಿಸಿ, ಅವನು ಕಾಲೇಜಿಗೆ ಹೋದ ಮೇಲೆ ಕುಳಿತು ಓದಿದೆವು.

ಕೆಟ್ಟದ್ದನ್ನು ಹುಡುಕಲು ಹೋದ ನಮಗೆ ದೊರೆತದ್ದೇ ಬೇರೆ. ಅವನು ಆಟವಾಡುತ್ತಿದ್ದುದು ನಿಜ. ಆದರೆ ಇಂಗ್ಲಿಷಿನ ಪಾಠ ತಲೆಗೆ ಹತ್ತುತ್ತಿಲ್ಲ, ಅವ್ವನ ನೆನಪಾಗಿ ನಿದ್ದೆ ಬರುವುದಿಲ್ಲ, ಮಾವನ ಮುಂದೆ ಹೇಳಲು ಭಯ ಎಂದು ಊರಿನ ಗೆಳೆಯನಿಗೆ ಬರೆದುಕೊಂಡಿದ್ದನು. ಕೆಲವು ದಿನಗಳಲ್ಲಿ ನಮ್ಮ ಗುಟ್ಟು ಅವನಿಗೂ ಗೊತ್ತಾಯಿತು. “ಕೇಳಿದ್ದರೆ ನಾನೇ ಹೇಳುತ್ತಿದ್ದೆ ಮಾವಾ” ಎಂದಷ್ಟೇ ನುಡಿದು, ಒಂದು ವಾರ ನಮ್ಮೊಡನೆ ಊಟಕ್ಕೆ ಕೂಡಲಿಲ್ಲ. ಹೇಳಲು ಅವನಿಗೆ ಭಯವಿದ್ದುದು ನಿಜವಾದರೂ, ಕೇಳಬೇಕಾದ ಹೊಣೆ ಹಿರಿಯರಾದ ನಮ್ಮದೇ ಆಗಿತ್ತು.

ಹಾಗೆಂದು ಕಾವಲೇ ಬೇಡವೆಂದಲ್ಲ. ಅದು ಮುಚ್ಚುಮರೆಯಿಲ್ಲದೆ ಇರಬೇಕು. ಆ ತಂತ್ರಾಂಶವನ್ನು ಅವನ ಎದುರಿಗೇ ತೆಗೆಸಿ, ಕಂಪ್ಯೂಟರನ್ನು ಪಡಸಾಲೆಗೆ ತಂದಿಟ್ಟೆವು. ವಿಂಡೋಸ್ ಕಂಪ್ಯೂಟರಿನಲ್ಲಿ ಮಕ್ಕಳಿಗೆ ಪ್ರತ್ಯೇಕ ಖಾತೆ ತೆರೆದು, ಅದನ್ನು ಹಿರಿಯರ ಖಾತೆಯ ಕುಟುಂಬ ಗುಂಪಿಗೆ ಸೇರಿಸಿದರೆ, ದಿನಕ್ಕೆ ಇಷ್ಟೇ ವೇಳೆಯೆಂದು ಮಿತಿ ಹಾಕಬಹುದು. ಬಳಕೆಯ ವರದಿಯನ್ನೂ ನೋಡಬಹುದು. ಯಂತ್ರದ ಆಡಳಿತಾಧಿಕಾರವುಳ್ಳ ಖಾತೆಯ ಗುಪ್ತಪದ ಮಾತ್ರ ಹಿರಿಯರ ಬಳಿಯೇ ಇರಬೇಕು. ಇಲ್ಲವಾದರೆ ಮಕ್ಕಳು ಆ ಕಟ್ಟನ್ನು ಬಿಚ್ಚಿಕೊಳ್ಳುವುದು ಕಷ್ಟವೇನಲ್ಲ. ನಮ್ಮ ಮನೆಯಲ್ಲಿ ವಾರದ ವರದಿಯನ್ನು ಅವನೂ ನಾವೂ ಜೊತೆಗೆ ಕುಳಿತು ಓದುತ್ತೇವೆ. ರಾತ್ರಿ ಹತ್ತಕ್ಕೆ ಮೋಡೆಮ್ ಆರುತ್ತದೆ. ಮೊಬೈಲಿನ ಸಂಪರ್ಕವನ್ನು ಕಂಪ್ಯೂಟರಿಗೆ ಜೋಡಿಸಲು ಬರುವುದರಿಂದ, ಮನೆಮಂದಿಯ ಫೋನುಗಳೆಲ್ಲ, ನಮ್ಮದೂ ಸೇರಿ, ಗೂಡಿಗೆ ಸೇರುತ್ತವೆ. ಈ ಕಟ್ಟಳೆ ಪಾಲಿಸಲು ಮೊದಲು ಕಷ್ಟಪಟ್ಟವರು ನಾವೇ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ!

ಆಟವೆಲ್ಲವೂ ರೋಗವಲ್ಲವೆಂಬುದನ್ನು ಹಿರಿಯರು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಿತು. ಅದರಲ್ಲಿ ಆಟದ ಗೀಳಿಗೆ ಮೂರು ಲಕ್ಷಣಗಳನ್ನು ಹೇಳಿದೆ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮೇಲಾಗುವುದು, ಕೇಡಾದರೂ ಬಿಡದಿರುವುದು. ಇದರಿಂದ ಬಾಳು ತೀವ್ರವಾಗಿ ಕೆಟ್ಟು, ಸಾಮಾನ್ಯವಾಗಿ 12 ತಿಂಗಳ ಕಾಲ ಹೀಗೆಯೇ ನಡೆದಿದ್ದರೆ ಮಾತ್ರ ವೈದ್ಯರು ಅದನ್ನು ರೋಗವೆನ್ನುತ್ತಾರೆ. ಇಂತಹವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ‘ಶಟ್’ ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಸಲಹೆ ಪಡೆಯಬಹುದು. ಹಣ ಪಣವಿಡುವ ಆನ್‌ಲೈನ್ ಆಟಗಳ ಮಾತು ಬೇರೆ. ಅವುಗಳನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಕಂಪ್ಯೂಟರಿನ ಮೂಲಕ ಮೋಸಹೋಗಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ದೂರು ಹೇಳಬೇಕು. ಬೈಗುಳಕ್ಕೆ ಹೆದರಿದ ಹುಡುಗ ಅದನ್ನು ಮುಚ್ಚಿಟ್ಟಷ್ಟೂ ಹಣ ಮರಳುವ ದಾರಿ ಮುಚ್ಚುತ್ತ ಹೋಗುತ್ತದೆ. ಮಕ್ಕಳು ನಮ್ಮಲ್ಲಿ ಧೈರ್ಯವಾಗಿ ಬಾಯಿ ಬಿಡುವಂತಿರಬೇಕು ಎನ್ನುವುದು ಇದಕ್ಕಾಗಿಯೇ.

ಎಳೆಯ ಮಕ್ಕಳಿಗೆ ಬಿಗಿಯಾದ ಬೇಲಿಯೇ ಬೇಕು. ಆದರೆ ಹದಿನೇಳರ ಹುಡುಗನು ನಾಳೆ ಹಾಸ್ಟೆಲಿಗೆ ಹೋಗುವವನು. ಅಲ್ಲಿ ಹತ್ತು ಗಂಟೆಗೆ ಮೋಡೆಮ್ ಆರಿಸಲು ನಾವಿರುವುದಿಲ್ಲ. ಆದುದರಿಂದ ನಮ್ಮ ಕಟ್ಟಳೆಗಳನ್ನು ಒಂದೊಂದಾಗಿ ಸಡಿಲಿಸಿ ಅವನ ಕೈಗೇ ಒಪ್ಪಿಸುತ್ತಿದ್ದೇವೆ. ಆಗೊಮ್ಮೆ ಈಗೊಮ್ಮೆ ಅವನು ತಪ್ಪುವುದುಂಟು. ತಪ್ಪಿದಾಗ ತಾನಾಗಿಯೇ ಬಂದು ಹೇಳುತ್ತಾನೆ. ಯಾವ ತಂತ್ರಾಂಶವೂ ತಂದುಕೊಡದ ಸಮಾಧಾನ ನಮಗೆ ಇದರಿಂದ ದೊರೆತಿದೆ.