ಮನಸ್ಸು ಕುಗ್ಗಿದವರನ್ನು ಹೊತ್ತು ತರುವವರು ಯಾರು?

(ಲೂರ್ದು ಮಾತೆಯ ಹಬ್ಬ ಹಾಗೂ ವಿಶ್ವ ರೋಗಿಗಳ ದಿನದ ಚಿಂತನೆ)



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1858ರಲ್ಲಿ ಅದೇ ದಿನ ಫ್ರಾನ್ಸ್ ದೇಶದ ಲೂರ್ದು ಎಂಬ ಊರಿನಲ್ಲಿ, ಸೌದೆ ಆರಿಸಲು ಹೋಗಿದ್ದ ಬಡ ಬಾಲಕಿ ಬೆರ್ನದೆತ್ತಳಿಗೆ ಗವಿಯೊಂದರಲ್ಲಿ ಮಾತೆ ಮರಿಯಮ್ಮನವರು ದರ್ಶನವಿತ್ತರು. 1992ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಈ ಹಬ್ಬದ ದಿನವನ್ನೇ ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. 1993ರಿಂದ ಅದು ಆಚರಣೆಯಲ್ಲಿದೆ. ಆ ದಿನ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ರೋಗಿಗಳನ್ನು ದೇವಾಲಯಕ್ಕೆ ಕರೆತಂದು ಮುಂದಿನ ಬೆಂಚುಗಳಲ್ಲಿ ಕೂರಿಸುತ್ತೇವೆ. ಅವರಿಗಾಗಿ ಬಲಿಪೂಜೆ ಅರ್ಪಿಸಿ, ರೋಗಿಗಳ ಅಭ್ಯಂಗ ಸಂಸ್ಕಾರವನ್ನು ನೀಡುತ್ತೇವೆ.

ಆದರೆ ಮುಂದಿನ ಬೆಂಚಿಗೆ ಬಾರದ ರೋಗಿಗಳೂ ನಮ್ಮ ನಡುವೆ ಇದ್ದಾರೆ. ಅವರ ಕೈಯಲ್ಲಿ ಊರುಗೋಲಿಲ್ಲ, ತಲೆಗೆ ಪಟ್ಟಿ ಇಲ್ಲ. ಅವರು ಹಿಂದಿನ ಕಂಬದ ಮರೆಯಲ್ಲಿ ಕುಳಿತಿರುತ್ತಾರೆ. ಇಲ್ಲವೇ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಾರೆ. ಅವರ ಕಾಯಿಲೆಯ ಹೆಸರು ಖಿನ್ನತೆ. ಈ ಹಬ್ಬದಂದು ಅವರನ್ನು ನೆನೆಯೋಣ.

ನಾನು ಕೊಟ್ಟ ತಪ್ಪು ಸಲಹೆ

ನಾನು ಗುರುಪಟ್ಟ ಪಡೆದ ಹೊಸತು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಬಂದು, "ಫಾದರ್, ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ಜಪಮಾಲೆ ಹಿಡಿದ್ರೆ ಕೈ ಭಾರ ಆಗುತ್ತೆ. ನಿದ್ದೆ ಇಲ್ಲ, ಯಾವುದೂ ಬೇಡ ಅನಿಸುತ್ತೆ" ಎಂದರು. ಗುರುಮಠದಲ್ಲಿ ಕಲಿತ ಉತ್ಸಾಹದಲ್ಲಿದ್ದ ನಾನು, "ಅಮ್ಮಾ, ವಿಶ್ವಾಸ ಕಡಿಮೆಯಾದಾಗ ಹೀಗೆಲ್ಲಾ ಆಗುತ್ತದೆ. ಒಂಬತ್ತು ದಿನ ತಪ್ಪದೆ ನವೇನ ಮಾಡಿ, ಎಲ್ಲ ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಿದೆ.

ಕೆಲವು ವಾರಗಳ ನಂತರ ಆಸ್ಪತ್ರೆಯಿಂದ ಕರೆ ಬಂತು. ಆಕೆ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದ್ದರು. ದೇವರ ಕೃಪೆಯಿಂದ ಉಳಿದರು. ನಾನು ಹಾಸಿಗೆಯ ಬಳಿ ನಿಂತಾಗ ಆಕೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ನವೇನ ನಾಲ್ಕನೇ ದಿನಕ್ಕೇ ನಿಂತುಹೋಯ್ತು ಫಾದರ್. ದೇವರಿಗೂ ನಾನು ಬೇಡವಾದೆ ಅಂದುಕೊಂಡೆ."

ನವೇನದಲ್ಲಿ ತಪ್ಪಿರಲಿಲ್ಲ. ನಡೆಯಲಾಗದವರಿಗೆ ಬೆಟ್ಟ ಹತ್ತಲು ಹೇಳಿದ್ದು ನನ್ನ ತಪ್ಪು. ಆಕೆಯ ಹೆಗಲ ಮೇಲಿದ್ದ ಹೊರೆಗೆ ನಾನು ಇನ್ನೊಂದು ಹೊರೆ ಸೇರಿಸಿದ್ದೆ.

ಇದು ಕಾಯಿಲೆ

ದುಃಖ ಎಲ್ಲರಿಗೂ ಬರುತ್ತದೆ. ಮನೆಯಲ್ಲಿ ಸಾವಾದರೆ ಅಳುತ್ತೇವೆ, ಬೆಳೆ ಹೋದರೆ ಕುಗ್ಗುತ್ತೇವೆ. ಕಾಲ ಕಳೆದಂತೆ, ನಾಲ್ಕು ಜನರ ಸಾಂತ್ವನದಿಂದ ಮತ್ತೆ ಎದ್ದು ನಿಲ್ಲುತ್ತೇವೆ. ಖಿನ್ನತೆ ಹಾಗಲ್ಲ. ದಿನದ ಬಹುಪಾಲು ಸಮಯ ಮಂಕು ಕವಿದಂತಿದ್ದು, ಮೊದಲು ಸಂತೋಷ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದೆ, ಈ ಸ್ಥಿತಿ 2 ವಾರಗಳಿಗೂ ಮೀರಿ ಮುಂದುವರಿದರೆ ಅದನ್ನು ವೈದ್ಯರು ಖಿನ್ನತೆಯೆಂದು ಸಂಶಯಿಸುತ್ತಾರೆ. ಅದರೊಡನೆ ನಿದ್ದೆ ಕೆಡುತ್ತದೆ, ಹಸಿವು ಹೋಗುತ್ತದೆ, ಆಯಾಸ ಬಿಡುವುದಿಲ್ಲ. ನಾನು ಯಾರಿಗೂ ಬೇಡದವನು, ನಾನೇ ತಪ್ಪಿತಸ್ಥ ಎಂಬ ಭಾವನೆ ಕಾಡುತ್ತದೆ. ನಮ್ಮ ಜನರು "ಬೇಸರ" ಎಂದು ಹೇಳುವುದು ಅಪರೂಪ. "ತಲೆಭಾರ, ಎದೆ ಹಿಡಿದ ಹಾಗೆ, ಮೈಕೈ ನೋವು" ಎಂದೇ ಹೇಳುತ್ತಾರೆ. ಪರೀಕ್ಷೆಗಳಲ್ಲಿ ಏನೂ ಕಾಣದಿದ್ದಾಗ ಮನೆಯವರು "ನಾಟಕ" ಎನ್ನುತ್ತಾರೆ.

ಇದಕ್ಕೆ ಕಾರಣ ಒಂದಲ್ಲ. ವಂಶದಲ್ಲಿ ಬಂದಿರಬಹುದು. ಹೆರಿಗೆಯ ನಂತರ ಶುರುವಾಗಬಹುದು. ಥೈರಾಯ್ಡ್ ತೊಂದರೆ, ದೀರ್ಘಕಾಲದ ಕಾಯಿಲೆ, ಕುಡಿತ, ಸಾಲ, ಮನೆಯೊಳಗಿನ ಹಿಂಸೆ, ಪ್ರೀತಿಪಾತ್ರರ ಅಗಲಿಕೆ ಇವೆಲ್ಲವೂ ದಾರಿಯಾಗಬಹುದು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರು ಮಾಡಿದ ಪಾಪದ ಫಲವೆಂದು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು (ಯೊವಾನ್ನ 9:1-3). ಸಕ್ಕರೆ ಕಾಯಿಲೆ ಬಂದವರನ್ನು ನಾವು ಪಾಪಿಗಳೆನ್ನುವುದಿಲ್ಲ. ಖಿನ್ನತೆಯುಳ್ಳವರನ್ನು ಅಲ್ಪವಿಶ್ವಾಸಿಗಳೆಂದು ಕರೆಯಲು ನಮಗೆ ಯಾವ ಹಕ್ಕಿದೆ?

ಎಲೀಯನಿಗೆ ದೇವರು ಕೊಟ್ಟದ್ದು

ಪ್ರವಾದಿ ಎಲೀಯನ ವಿಶ್ವಾಸವನ್ನು ಯಾರೂ ಶಂಕಿಸಲಾರರು. ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳೆದುರು ಒಬ್ಬನೇ ನಿಂತು ಗೆದ್ದವನು ಆತ. ಅದೇ ಎಲೀಯ ಮುಂದಿನ ಅಧ್ಯಾಯದಲ್ಲಿ ರಾಣಿಯ ಬೆದರಿಕೆಗೆ ಅಂಜಿ ಮರುಭೂಮಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕುಳಿತು, ತನ್ನ ಪ್ರಾಣವನ್ನು ತೆಗೆದುಕೊಳ್ಳುವಂತೆ ದೇವರನ್ನು ಬೇಡುತ್ತಾನೆ (1 ಅರಸುಗಳು 19).

ಆಗ ದೇವರು ಏನು ಮಾಡಿದರೆಂಬುದನ್ನು ನಿಧಾನವಾಗಿ ಓದಿ. ಅವರು ಗದರಿಸಲಿಲ್ಲ, ಬೋಧನೆ ಮಾಡಲಿಲ್ಲ. ಮಲಗಲು ಬಿಟ್ಟರು. ದೂತನೊಬ್ಬ ಬಂದು ಮೈಮುಟ್ಟಿ ಎಬ್ಬಿಸಿ ಬಿಸಿರೊಟ್ಟಿ ಮತ್ತು ನೀರನ್ನು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದು ಮತ್ತೆ ಉಣಿಸಿದ, ಅವನ ಮುಂದಿನ ದಾರಿ ಅವನ ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಂಡ. ಹೋರೇಬ್ ಬೆಟ್ಟ, ಅಲ್ಲಿ ಕೇಳಿದ ಮೆಲುದನಿ, ಹೊಸ ಕೆಲಸ ಎಲ್ಲವೂ ಬಂದದ್ದು ಆಮೇಲೆ. ತಾನೊಬ್ಬನೇ ಉಳಿದಿದ್ದೇನೆ ಎಂದ ಅವನಿಗೆ ದೇವರು ಇನ್ನೂ 7000 ಮಂದಿ ಇದ್ದಾರೆಂದು ತಿಳಿಸಿ, ಎಲೀಷನನ್ನು ಜೊತೆಗಾರನನ್ನಾಗಿ ಕೊಟ್ಟರು.

ಮೊದಲು ನಿದ್ದೆ, ಊಟ, ಒಂದು ಸ್ಪರ್ಶ. ನಂತರ ಮಾತು. ಕೊನೆಗೆ ಒಬ್ಬ ಸಂಗಾತಿ. ಖಿನ್ನತೆಯಲ್ಲಿರುವವರನ್ನು ನೋಡಿಕೊಳ್ಳುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಔಷಧಿಯೂ ದೇವರ ಕೊಡುಗೆ

"ಪ್ರಾರ್ಥನೆ ಇರುವಾಗ ಡಾಕ್ಟರು ಯಾಕೆ?" ಎಂದು ಕೇಳುವವರಿದ್ದಾರೆ. ನಮ್ಮ ಕಥೋಲಿಕ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಅವರು ಓದಲಿ. ವೈದ್ಯನನ್ನು ಗೌರವಿಸಬೇಕು, ಮದ್ದುಗಳನ್ನು ಭೂಮಿಯಿಂದ ಉಂಟುಮಾಡಿದವರು ದೇವರೇ, ರೋಗಿ ಪ್ರಾರ್ಥಿಸಿದ ಮೇಲೆ ವೈದ್ಯನಿಗೂ ಜಾಗ ಕೊಡಬೇಕು ಎನ್ನುತ್ತದೆ ಆ ಅಧ್ಯಾಯ. ಜಗದ್ಗುರು ಫ್ರಾನ್ಸಿಸ್‌ರವರು ತಮ್ಮ 42ನೇ ವಯಸ್ಸಿನಲ್ಲಿ ಆರು ತಿಂಗಳ ಕಾಲ ವಾರಕ್ಕೊಮ್ಮೆ ಮನೋವಿಶ್ಲೇಷಕಿಯೊಬ್ಬರ ಬಳಿಗೆ ಹೋಗುತ್ತಿದ್ದುದನ್ನು 2017ರಲ್ಲಿ ಪ್ರಕಟವಾದ ಸಂವಾದ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಅವರಿಗಿಲ್ಲದ ನಾಚಿಕೆ ನಮಗೇಕೆ?

ಖಿನ್ನತೆಯ ಮಾತ್ರೆಗಳು ನಿದ್ದೆಮಾತ್ರೆಗಳಂತೆ ಚಟ ಹಿಡಿಸುವುದಿಲ್ಲ. ಆದರೆ ಅವು ಕೆಲಸ ಮಾಡಲು ಸಾಮಾನ್ಯವಾಗಿ 2ರಿಂದ 4 ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಮಯ ಬೇಕು. ಬಹಳಷ್ಟು ಜನ ಒಂದು ವಾರ ನುಂಗಿ, ಗುಣವಿಲ್ಲವೆಂದು ಬಿಡುತ್ತಾರೆ. ಇನ್ನು ಕೆಲವರು ಚೇತರಿಸಿಕೊಂಡ ಕೂಡಲೇ ನಿಲ್ಲಿಸುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮಾತ್ರೆಯಷ್ಟೇ ಅಲ್ಲ, ತರಬೇತಿ ಪಡೆದ ಆಪ್ತ ಸಲಹೆಗಾರರೊಡನೆ ಮಾತನಾಡುವುದೂ ಚಿಕಿತ್ಸೆಯೇ.

ಪ್ರಾರ್ಥಿಸಲು ಆಗದಿದ್ದಾಗ

ಹಾಗಾದರೆ ವಿಶ್ವಾಸಕ್ಕೆ ಇಲ್ಲಿ ಕೆಲಸವಿಲ್ಲವೇ? ಖಂಡಿತ ಇದೆ. 88ನೇ ಕೀರ್ತನೆಯನ್ನು ತೆರೆದು ನೋಡಿ. ಬಹುತೇಕ ವಿಲಾಪದ ಕೀರ್ತನೆಗಳು ಕೊನೆಯಲ್ಲಿ ಸ್ತುತಿಗೆ ತಿರುಗುತ್ತವೆ. ಇದು ಮಾತ್ರ ಕತ್ತಲೆಯಲ್ಲೇ ಮುಗಿಯುತ್ತದೆ. ಧರ್ಮಸಭೆ ಅದನ್ನು ಕಿತ್ತುಹಾಕದೆ, ಪ್ರತಿ ಶುಕ್ರವಾರ ರಾತ್ರಿಯ ಪ್ರಾರ್ಥನೆಯಲ್ಲಿ ಯಾಜಕರು ಮತ್ತು ಕನ್ಯಾಸ್ತ್ರೀಯರು ಹೇಳುವಂತೆ ಇಟ್ಟಿದೆ. "ದೇವರೇ, ನನಗೆ ಏನೂ ಕಾಣುತ್ತಿಲ್ಲ" ಎನ್ನುವುದೂ ಪ್ರಾರ್ಥನೆಯೇ. ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿಯೇ ಸಾಯುವಷ್ಟು ದುಃಖದಿಂದ ತುಂಬಿ, ತಮ್ಮೊಡನೆ ಎಚ್ಚರವಾಗಿರುವಂತೆ ಮೂವರು ಗೆಳೆಯರನ್ನು ಕೇಳಿಕೊಂಡರು (ಮಾರ್ಕ 14:33-34).

ಅಷ್ಟೂ ಹೇಳಲಾಗದಿದ್ದರೆ? ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹಾಸಿಗೆಸಮೇತ ಹೊತ್ತು ತಂದು, ಮಾಳಿಗೆ ಬಿಚ್ಚಿ ಇಳಿಸಿದ ಪ್ರಸಂಗ ನಿಮಗೆ ಗೊತ್ತು. ಆ ರೋಗಿ ಒಂದು ಮಾತನ್ನೂ ಆಡಿದಂತೆ ಶುಭಸಂದೇಶದಲ್ಲಿಲ್ಲ. ಹೊತ್ತು ತಂದವರ ವಿಶ್ವಾಸವನ್ನು ಕಂಡೇ ಯೇಸು ಅವನೊಡನೆ ಮಾತನಾಡಿದರು (ಮಾರ್ಕ 2:1-12). ನಿಮ್ಮ ಮನೆಯಲ್ಲಿ ಒಬ್ಬರಿಗೆ ಪ್ರಾರ್ಥಿಸಲು ಆಗದಿದ್ದರೆ, ಅವರ ಪಾಲಿನ ಜಪಮಾಲೆಯನ್ನು ನೀವು ಹೇಳಿ. ಅವರಿಗಾಗಿ ಪರಮಪ್ರಸಾದ ಸ್ವೀಕರಿಸಿ. ಆಸ್ಪತ್ರೆಗೆ ಹೋಗಲು ಆಗದಿದ್ದರೆ ನೀವೇ ಕೈಹಿಡಿದು ಕರೆದೊಯ್ಯಿರಿ. ಇವೆಲ್ಲವೂ ಹೊತ್ತು ತರುವುದೇ. ಗಂಭೀರ ಮಾನಸಿಕ ಕಾಯಿಲೆಯಲ್ಲಿರುವವರೂ ರೋಗಿಗಳ ಅಭ್ಯಂಗವನ್ನು ಪಡೆಯಬಹುದು. ನಿಮ್ಮ ಧರ್ಮಕೇಂದ್ರದ ಗುರುಗಳೊಡನೆ ಸಂಕೋಚವಿಲ್ಲದೆ ಮಾತನಾಡಿ.

ಮನೆಯವರಿಗೆ ಕೆಲವು ಮಾತುಗಳು

1. "ಧೈರ್ಯ ತಂದ್ಕೊ, ನಿನಗೇನು ಕಡಿಮೆಯಾಗಿದೆ?" ಎನ್ನಬೇಡಿ. "ನಾನಿದ್ದೀನಿ, ಜೊತೆಗೆ ಹೋಗೋಣ" ಎನ್ನಿ.

2. ದೊಡ್ಡ ಪ್ರಾರ್ಥನೆಗಳನ್ನು ಹೇರಬೇಡಿ. ಮಲಗುವ ಮುನ್ನ ಹಣೆಗೆ ಒಂದು ಶಿಲುಬೆಯ ಗುರುತು ಸಾಕು.

3. ಹೊತ್ತಿಗೆ ಊಟ, ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ನಡಿಗೆ, ಮನೆಯ ಒಂದು ಸಣ್ಣ ಕೆಲಸ. ಇಷ್ಟರಲ್ಲಿ ಆರಂಭಿಸಿ. ಮದ್ಯವನ್ನು ದೂರವಿಡಿ.

4. ಕತ್ತಲೆಯ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಧಾರಗಳನ್ನು ಬದಲಿಸಬಾರದೆಂದು ಸಂತ ಇಗ್ನಾಸಿಯವರು ಕಲಿಸಿದರು. ಕೆಲಸ ಬಿಡುವುದು, ಜಮೀನು ಮಾರುವುದು, ನಿಶ್ಚಯವಾದ ಮದುವೆ ಮುರಿಯುವುದು ಮುಂತಾದವುಗಳನ್ನು ಚೇತರಿಸಿಕೊಂಡ ಮೇಲೆ ಯೋಚಿಸಲಿ.

5. ನೋಡಿಕೊಳ್ಳುವವರೂ ದಣಿಯುತ್ತಾರೆ. ಕಿರು ಕ್ರೈಸ್ತ ಸಮುದಾಯದವರು ಸರದಿಯಂತೆ ಒಂದು ಹೊತ್ತಿನ ಅಡುಗೆ ಮಾಡಿ ಕೊಟ್ಟರೆ ಅದು ದೊಡ್ಡ ಸೇವೆ.

ಸಾವಿನ ಮಾತು ಬಂದಾಗ

"ಸತ್ತರೆ ಸಾಕು" ಎಂಬ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅದನ್ನು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಎದೆಯೊಳಗಿನ ಭಾರ ಇಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡಬೇಡಿ. ಕೀಟನಾಶಕ ಮತ್ತು ಮಾತ್ರೆಗಳನ್ನು ಬೀಗ ಹಾಕಿ ಇಡಿ. ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರ ಅಕ್ಟೋಬರ್ 10ರಂದು ಸರ್ಕಾರ ಆರಂಭಿಸಿದ ಟೆಲಿ ಮನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು. ಪೊಲೀಸ್ ಕೇಸಿನ ಭಯದಿಂದ ಚಿಕಿತ್ಸೆ ತಡಮಾಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಭಾವಿಸುತ್ತದೆ.

ಹೀಗೆ ಒಬ್ಬರನ್ನು ಈಗಾಗಲೇ ಕಳೆದುಕೊಂಡ ಮನೆಗಳೂ ನಮ್ಮಲ್ಲಿವೆ. ಅವರಿಗೆ ಒಂದು ಮಾತು. ಜೀವ ದೇವರ ವರ, ಅದನ್ನು ನಾವೇ ತೆಗೆಯಬಾರದೆಂಬ ಬೋಧನೆಯನ್ನು ಧರ್ಮಸಭೆ ಬಿಟ್ಟಿಲ್ಲ. ಆದರೆ ಗಂಭೀರ ಮಾನಸಿಕ ತೊಂದರೆಯು ಆ ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದು, ಅವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದೂ ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ (2282-2283). ಇಂಥವರಿಗೆ ಕ್ರೈಸ್ತ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿದ್ದ 1917ರ ಸಭಾಕಾನೂನಿನ ನಿಯಮ 1983ರ ಕಾನೂನಿನಲ್ಲಿ ಇಲ್ಲ. ಸ್ಮಶಾನದ ಮೂಲೆಗೆ ತಳ್ಳಿದ ಹಳೆಯ ನೆನಪುಗಳಿಂದ ಇನ್ನೂ ನೋಯುತ್ತಿರುವ ಕುಟುಂಬಗಳೇ, ನಿಮ್ಮವರ ಹೆಸರಿನಲ್ಲಿ ಧೈರ್ಯವಾಗಿ ಪೂಜೆ ಇಡಿಸಿ.

ಆರಂಭದಲ್ಲಿ ಹೇಳಿದ ಆ ತಾಯಿ ಚಿಕಿತ್ಸೆ ಪಡೆದರು. ಪಕ್ಕದ ಮನೆಯ ಇಬ್ಬರು ಹೆಂಗಸರು ಪ್ರತಿ ಸಂಜೆ ಬಂದು ಅವರ ಬಳಿ ಕುಳಿತು, ತಾವೇ ಜಪಮಾಲೆ ಹೇಳಿ ಹೋಗುತ್ತಿದ್ದರು. "ನೀವು ಸುಮ್ಮನೆ ಕೂತಿರಿ, ನಿಮ್ಮ ಪಾಲಿನದನ್ನೂ ನಾವೇ ಹೇಳ್ತೀವಿ" ಎಂದಿದ್ದರಂತೆ. ತಿಂಗಳುಗಳ ನಂತರ ಒಂದು ಸಂಜೆ ಆಕೆಯೇ ಒಂದು ನಮೋ ಮರಿಯ ಹೇಳಿದರು. ನನಗಿಂತ ಆ ಇಬ್ಬರಿಗೆ ಶುಭಸಂದೇಶ ಚೆನ್ನಾಗಿ ಅರ್ಥವಾಗಿತ್ತು.

ಈ ಹಬ್ಬದಂದು ದೇವಾಲಯದಿಂದ ಮನೆಗೆ ಹಿಂದಿರುಗುವಾಗ, ಹಿಂದಿನ ಕಂಬದ ಮರೆಯಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ಒಮ್ಮೆ ನೋಡಿ.

ಪ್ರಾರ್ಥನೆ: ರೋಗಿಗಳ ಆರೋಗ್ಯವಾದ ಲೂರ್ದು ಮಾತೆಯೇ, ಮನಸ್ಸು ಕುಗ್ಗಿ ಮಾತು ಬತ್ತಿಹೋದ ನಿಮ್ಮ ಮಕ್ಕಳನ್ನು ನಿಮ್ಮ ಮಡಿಲಲ್ಲಿಡಿ. ಅವರನ್ನು ನಿಮ್ಮ ಪುತ್ರರ ಬಳಿಗೆ ಹೊತ್ತು ತರುವ ಬಲವನ್ನು ನಮಗೆ ಬೇಡಿ ಕೊಡಿ. ಆಮೆನ್.